ಎರಡನೆಯ ಬಾಟ್ಲಿ

ಫಿಟ್ಟರ್ ಕಬ್ಬಿಣದ ಗಟ್ಟಿಯ ತೂತಿಗೆ ಬಾಯಿಟ್ಟು ಊದಿದ. ಗಾಳಿ ಒಳಗೆ ಹೋಯಿತು. ತುಟಿ ತೆಗೆಯದೆ ಹಾಗೇ ಎಳೆದ. ಬರಲಿಲ್ಲ.

ಇನ್ನೊಮ್ಮೆ ಊದಿದ, ಇನ್ನೊಮ್ಮೆ ಎಳೆದ. ಹೋದ ಗಾಳಿ ವಾಪಸ್ಸು ಬರುವ ಹಾಗೇ ಇರಲಿಲ್ಲ. ಕೆಲಸದ ಮೇಜಿನ ಮೇಲೆ ದೀಪ ಹಾಕಿ ಬಗ್ಗಿ ನೋಡಿದರೆ ತೂತಿನ ಆಳದಲ್ಲಿ ಕಡಲೆಕಾಳಿನಷ್ಟು ಗಾತ್ರದ ಒಂದು ಉಕ್ಕಿನ ಗುಂಡು, ಅದರ ಬೆನ್ನಿಗೆ ಸಣ್ಣ ಸ್ಪ್ರಿಂಗು. ಬರುವುದಕ್ಕೆ ಬಿಡುತ್ತದೆ, ಬಂದ ದಾರಿಯಲ್ಲಿ ಹೋಗುವುದಕ್ಕೆ ಬಿಡುವುದಿಲ್ಲ. ಅವನು ಸ್ಟೂಲಿನ ಮೇಲೆ ಕೂತ. ಇದರ ಜೋಡಿ ಗಟ್ಟಿಯನ್ನು ಮೂರು ವಾರದ ಹಿಂದೆ ಅವನೇ ಕೈಯಾರೆ ಹಳೇ ಪಂಪಿಗೆ ಕೂರಿಸಿದ್ದ. ಆ ಪಂಪು ಈ ಹೊತ್ತಿನಲ್ಲಿ ಊರಿನ ಆಚೆ ತುದಿಯಲ್ಲಿ ಆರನೇ ಮಹಡಿಗೆ ಕಾಂಕ್ರೀಟು ಏರಿಸುತ್ತಿತ್ತು. ನಡೆಸುತ್ತಿದ್ದವನು ಅವನ ತಂಗಿಯ ಗಂಡ.

ಆ ಪಂಪಿಗೆ ಇಪ್ಪತ್ತಾರು ವರ್ಷ. ತಯಾರಿಸಿದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿ, ಬಿಡಿಭಾಗ ಬೇಕೆಂದು ಬರೆಯಲು ವಿಳಾಸವೂ ಉಳಿದಿರಲಿಲ್ಲ. ಹಾಗಾಗಿ ಸವೆದದ್ದನ್ನೆಲ್ಲ ಫಿಟ್ಟರ್ ಬೇರೆ ಬೇರೆ ಕಂಪನಿಯವುಗಳಿಂದ ತಂದು, ಕೊಯ್ದು, ಬೆಸೆದು, ಹೊಂದಿಸಿ ಕೂರಿಸುತ್ತ ಬಂದಿದ್ದ. ಎಂಜಿನ್ನು ಬಸ್ಸಿನದು. ನೀರಿನ ಪೆಟ್ಟಿಗೆ ಹಾಲಿನ ಲಾರಿಯದು. ಪಿಸ್ಟನ್ನಿನ ರಬ್ಬರು ಒಬ್ಬರದು, ಹಾಪರಿನ ಜಾಲರಿ ಇನ್ನೊಬ್ಬರದು. "ಯಾರಾದರೂ ಇದರ ಮನೆತನ ಕೇಳಿದ್ರೆ ನಾನೇನು ಹೇಳ್ಲಿ ಭಾವ" ಎಂದು ತಂಗಿಯ ಗಂಡ ನಗುತ್ತಿದ್ದ. "ನಿನ್ನ ಮನೆತನ ಕೇಳದೆ ಹೆಣ್ಣು ಕೊಡಲಿಲ್ವಾ ನಾವು, ಇದನ್ನೂ ಹಾಗೇ ನಡೆಸು" ಎಂದು ಫಿಟ್ಟರ್ ತಿರುಗಿಸಿ ಹೇಳುತ್ತಿದ್ದ.

ಪಂಪು ಮಾಡುವ ಕೆಲಸ ಹೇಳುವುದಕ್ಕೆ ಸುಲಭ. ಹಿಂಬದಿಗೆ ಎದೆಮಟ್ಟದ ತೊಟ್ಟಿ, ಅದೇ ಹಾಪರು. ಲಾರಿ ಬಂದು ಕಲಸಿದ ಕಾಂಕ್ರೀಟನ್ನು ಅದರೊಳಗೆ ಸುರಿಯುತ್ತದೆ. ತೊಟ್ಟಿಯ ಒಂದು ಗೋಡೆಯಲ್ಲಿ ಅಕ್ಕಪಕ್ಕ ಎರಡು ಬಾಯಿ. ಒಂದು ಎಳೆದುಕೊಳ್ಳುವಾಗ ಇನ್ನೊಂದು ಉಗುಳುತ್ತದೆ. ಉಗುಳಿದ್ದನ್ನು ಹಿಡಿದು ಮೇಲಕ್ಕೆ ಕಳಿಸಲು ತೊಟ್ಟಿಯೊಳಗೇ ಒಂದು ಬಾಗಿದ ಉಕ್ಕಿನ ಪೈಪು ಇದೆ. ಅದು ಎಡಬಾಯಿಂದ ಬಲಬಾಯಿಗೆ, ಬಲದಿಂದ ಎಡಕ್ಕೆ, ರೆಪ್ಪೆ ಬಡಿಯುವಷ್ಟರಲ್ಲಿ ಹೊರಳುತ್ತದೆ. ದಾರಿಯಲ್ಲಿ ಸಣ್ಣ ಕಲ್ಲು ಸಿಕ್ಕರೆ ಪುಡಿ. ಕೈ ಸಿಕ್ಕರೆ ಏನು ಎಂಬುದನ್ನು ಆ ಕೆಲಸದವರು ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ. ಅಂಗಿಯ ಒಂದು ತೋಳನ್ನು ಮಡಚಿ ಪಿನ್ನು ಹಾಕಿಕೊಂಡು ಓಡಾಡುವ ಇಬ್ಬರನ್ನು ಫಿಟ್ಟರ್ ಬಲ್ಲ.

ಅಷ್ಟು ರಭಸದಲ್ಲಿ ಹೊರಳಿಸುವ ಬಲ ಬರುವುದು ಪಕ್ಕದಲ್ಲಿ ನಿಲ್ಲಿಸಿದ ಎರಡು ಉಕ್ಕಿನ ಬಾಟ್ಲಿಗಳಿಂದ. ಎಂಜಿನ್ ಓಡುವಾಗ ಅವುಗಳೊಳಗೆ ಎಣ್ಣೆ ಒತ್ತಿ ಒತ್ತಿ ತುಂಬುತ್ತದೆ. ಎಂಜಿನ್ ನಿಂತರೆ ಆ ಎಣ್ಣೆ ತಾನಾಗಿ ಟ್ಯಾಂಕಿಗೆ ಇಳಿಯಬೇಕು. ಇಳಿಯುವಾಗ, ದಿನವಿಡೀ ದುಡಿದವರು ಗೋಡೆಗೆ ಒರಗಿ ಬಿಡುವಂಥ ಒಂದು ಉಸಿರು ಕೇಳಿಸುತ್ತದೆ.

ಫಿಟ್ಟರಿಗೆ ಕಣ್ಣಿಗಿಂತ ಕಿವಿಯ ಮೇಲೆ ನಂಬಿಕೆ ಹೆಚ್ಚು. ಚಿಕ್ಕಂದಿನಲ್ಲಿ ಅಜ್ಜಿ ಬೆಳಗಿನ ಕೆಲಸ ಮಾಡುತ್ತ ಪದ್ಯ ಹೇಳುತ್ತಿದ್ದಳು, ಅವನು ಹಾಸಿಗೆಯಲ್ಲೇ ಕಣ್ಣು ಮುಚ್ಚಿ ಕೇಳುತ್ತಿದ್ದ. ಅರ್ಥ ಆಗದಿದ್ದರೂ ಒಂದು ಮಾತ್ರೆ ಹೆಚ್ಚುಕಡಿಮೆಯಾದರೆ ಗೊತ್ತಾಗಿಬಿಡುತ್ತಿತ್ತು. "ಅಜ್ಜಿ, ಎಡವಿದೆ" ಎನ್ನುತ್ತಿದ್ದ. "ಎಡವಿದ್ದು ನಾನಲ್ಲ, ನನ್ನ ಹಲ್ಲು" ಎನ್ನುತ್ತಿದ್ದಳು ಅವಳು. ಆ ಕಿವಿಯೇ ಮುಂದೆ ಯಂತ್ರಗಳಿಗೂ ಒದಗಿ ಬಂತು. ಪಂಪು ನಡೆಸುವವರಿಗೆ ಉಪದೇಶ ಮಾಡಿದರೆ ನೆನಪಿರುವುದಿಲ್ಲ ಎಂದು ಅವನೇ ಎರಡು ಸಾಲು ಕಟ್ಟಿ ಬಾಯಿಪಾಠ ಮಾಡಿಸಿದ್ದ:

ಎಂಜಿನ್ ನಿಲ್ಲಲಿ, ಉಸಿರು ಇಳಿಯಲಿ,
ಮುಳ್ಳು ಮಲಗಲಿ, ಆಮೇಲೆ ಕೈ ಹೋಗಲಿ.

ಮುಳ್ಳು ಅಂದರೆ ಎಣ್ಣೆಯ ಒತ್ತಡ ತೋರಿಸುವ ಗಡಿಯಾರದ ಮುಳ್ಳು. ಇದನ್ನು ಕೇಳಿ ಮೊದಮೊದಲು ನಕ್ಕವರೇ ಎಲ್ಲ. ಕೊನೆಗೆ ಊರಿನ ಪಂಪಿನವರೆಲ್ಲ ಹಾಪರಿನ ಜಾಲರಿ ಎತ್ತುವ ಮುಂಚೆ ಅದನ್ನೇ ಗೊಣಗುವಂತಾಯಿತು. ಅವನ ತಂಗಿಯ ಗಂಡನಂತೂ ದೊಡ್ಡ ದನಿಯಲ್ಲೇ ಹೇಳುತ್ತಿದ್ದ. ಆ ಮನುಷ್ಯನಿಗೆ ಕೆಲಸದಲ್ಲಿ ಎಲ್ಲರೂ ಇಟ್ಟ ಹೆಸರು ಗಡಿಬಿಡಿ. ಉಣ್ಣುವುದು, ನಡೆಯುವುದು, ಮಾತು ಮುಗಿಸುವುದು, ಎಲ್ಲದರಲ್ಲೂ ಅವಸರ. ಆದರೆ ಹಾಪರಿನ ಮುಂದೆ ಮಾತ್ರ ಆ ಎರಡು ಸಾಲು ಮುಗಿಯುವವರೆಗೂ ಕೈಕಟ್ಟಿ ನಿಲ್ಲುತ್ತಿದ್ದ. "ಅವರನ್ನ ನಿಂತ ಕಡೆ ನಿಲ್ಲಿಸಿದ್ದು ನೀನೊಬ್ಬನೇ ಅಣ್ಣ" ಎಂದು ತಂಗಿ ಹೇಳಿದಾಗ ಫಿಟ್ಟರಿಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಮೂರು ವಾರದ ಹಿಂದೆ ಎರಡು ಬಾಟ್ಲಿಗಳಲ್ಲಿ ಒಂದು ಕೆಟ್ಟಿತು. ಗುಜರಿಯವನ ಹತ್ತಿರ ಬೇರೆ ಕಂಪನಿಯ ಪಂಪೊಂದರ ಜೋಡಿ ಬಾಟ್ಲಿ ಸಿಕ್ಕವು, ಹಳೆಯವಕ್ಕಿಂತ ನಾಲ್ಕು ಬೆರಳು ಉದ್ದ. ಒಂದನ್ನು ಹಳೆಯದರ ಪಕ್ಕ ಕೂರಿಸಿದ, ಇನ್ನೊಂದನ್ನು ಮೂಲೆಯಲ್ಲಿ ಇಟ್ಟುಕೊಂಡ. ಹೊಸದರ ಬುಡದ ಗಟ್ಟಿಯಲ್ಲಿ ಮೂರು ತೂತಿದ್ದವು. ಒಂದು ಎಣ್ಣೆ ಬರುವುದಕ್ಕೆ, ಒಂದು ಪೈಪು ಹೊರಳಿಸುವ ಕಡೆಗೆ ಹೋಗುವುದಕ್ಕೆ. ಮೂರನೆಯದರಲ್ಲಿ ಏನೂ ಇರಲಿಲ್ಲ. ಆ ಕಂಪನಿಯವರಿಗೆ ಯಾವುದಕ್ಕೋ ಬೇಕಿದ್ದಿರಬಹುದು, ನಮಗೆ ಬೇಡ ಎಂದುಕೊಂಡು ಉಕ್ಕಿನ ಬಿರಡೆ ಜಡಿದು ಬಿಗಿದ. ಓಡಿಸಿ ನೋಡಿದರು, ಚೆನ್ನಾಗಿ ಹೊರಳಿತು. ನಿಲ್ಲಿಸಿ ನೋಡಿದರು, ಉಸಿರು ಇಳಿಯಿತು, ಮುಳ್ಳು ಮಲಗಿತು. ಉಸಿರು ಮೊದಲಿಗಿಂತ ಒಂದಿಷ್ಟು ಮೋಟು ಎಂದು ಅವನ ಕಿವಿಗೆ ಅನಿಸಿತ್ತು. ಬಾಟ್ಲಿ ಹೊಸದು, ಅದಕ್ಕೆ ಹಾಗೆ ಎಂದು ಕಿವಿಗೆ ಸಮಾಧಾನ ಹೇಳಿದ್ದ.

ಈಗ ಮೂಲೆಯ ಬಾಟ್ಲಿಯಿಂದ ಬಿಚ್ಚಿ ಮೇಜಿನ ಮೇಲಿಟ್ಟಿದ್ದ ಗಟ್ಟಿಯ ಮೂರನೆಯ ತೂತಿನಲ್ಲಿ ತುಕ್ಕು ಹಿಡಿದ ಒಂದು ನಲ್ಲಿ ಇತ್ತು. ಚಿಂದಿಯಲ್ಲಿ ಒರೆಸಿದ. ನಲ್ಲಿಯ ಹಿಡಿಯ ಕೆಳಗೆ ತಗಡಿನ ಚೂರು, ಅದರ ಮೇಲೆ ಅಕ್ಷರವಿಲ್ಲ, ಚಿತ್ರ ಮಾತ್ರ: ಒಂದು ಅಂಗೈ, ಅಂಗೈ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ತಿರುಗಿಸಿದ ನಲ್ಲಿ. ಈ ಕಂಪನಿಯ ಬಾಟ್ಲಿ ತಾನಾಗಿ ಖಾಲಿಯಾಗುವುದಿಲ್ಲ, ಕೈಯಿಂದ ನಲ್ಲಿ ಬಿಚ್ಚಿ ಖಾಲಿ ಮಾಡಬೇಕು. ಆ ನಲ್ಲಿಯ ಜಾಗಕ್ಕೇ ಅವನು ಬಿರಡೆ ಜಡಿದಿದ್ದ. ಎಂಜಿನ್ ನಿಂತಾಗ ಉಸಿರು ಬಿಡುತ್ತಿದ್ದದ್ದು ಹಳೇ ಬಾಟ್ಲಿ ಒಂದೇ. ಮುಳ್ಳು ಇದ್ದದ್ದೂ ಆ ಹಳೇ ಬಾಟ್ಲಿಯ ಸಾಲಿನಲ್ಲೇ. ಹೊಸದು ಅಷ್ಟೂ ಬಲವನ್ನು ಹೊಟ್ಟೆಯಲ್ಲಿಟ್ಟುಕೊಂಡು ಸದ್ದಿಲ್ಲದೆ ನಿಂತಿರುತ್ತಿತ್ತು. ಮೂರು ವಾರದಲ್ಲಿ ಪೈಪು ನಡುದಾರಿಯಲ್ಲಿ ಸಿಕ್ಕಿಕೊಂಡಿರಲಿಲ್ಲ, ಅದಕ್ಕೇ ಯಾರಿಗೂ ಏನೂ ಆಗಿರಲಿಲ್ಲ. ಸಿಕ್ಕಿಕೊಂಡರೆ, ಅಡ್ಡಿ ತೆಗೆದ ಕ್ಷಣವೇ ಆ ಬಲ ಅದನ್ನು ಹೊರಳಿಸುತ್ತದೆ.

ಫೋನ್ ಮಾಡಿದ. ಗಂಟೆ ಹೊಡೆದುಕೊಂಡು ನಿಂತಿತು. ಮತ್ತೆ ಮಾಡಿದ. ಮೂರನೇ ಸಲಕ್ಕೆ ತಂಗಿಗೆ ಮಾಡಿದ.

"ಏನಣ್ಣ, ಇಷ್ಟೊತ್ತಿನಲ್ಲಿ?"

"ಸುಮ್ಮನೆ ಮಾಡಿದೆ."

"ನೀನು ಸುಮ್ಮನೆ ಫೋನ್ ಮಾಡಿದ್ದು ನಾನು ಹುಟ್ಟಿದಾಗಿಂದ ಕಂಡಿಲ್ಲ."

"ನಿನ್ನ ಯಜಮಾನ ಫೋನ್ ಎತ್ತುತ್ತಿಲ್ಲ."

"ಈಗ ತಾನೇ ನಂಗೆ ಮಾಡಿದ್ರಲ್ಲ. ಊಟಕ್ಕೆ ಕಾಯಬೇಡ ಅಂದ್ರು. ದೊಡ್ಡ ಕಲ್ಲೊಂದು ಬಂದು ಪೈಪಿಗೆ ಸಿಕ್ಕಿಕೊಂಡಿದೆಯಂತೆ. ಎಂಜಿನ್ ನಿಲ್ಲಿಸಿ ತೆಗೀತೀನಿ, ಹೊತ್ತಾಗುತ್ತೆ ಅಂದ್ರು."

ಫಿಟ್ಟರ್ ಸ್ಟೂಲಿನಿಂದ ಎದ್ದ. "ಎಷ್ಟು ಹೊತ್ತಾಯ್ತು?"

"ಐದು ನಿಮಿಷ ಇರಬಹುದು. ಯಾಕೆ?"

"ನೀನು ಮಾಡ್ತಾನೇ ಇರು. ಎತ್ತೋವರೆಗೂ ಮಾಡು. ಎತ್ತಿದ ತಕ್ಷಣ, ಅಣ್ಣ ಬರೋವರೆಗೂ ಹಾಪರು ಮುಟ್ಟಬೇಡಿ ಅನ್ನು. ಬೇರೆ ಮಾತೇ ಬೇಡ, ಇಷ್ಟೇ ಅನ್ನು."

ಆ ಕಡೆ ಒಲೆ ಆರಿಸಿದ ಸದ್ದು ಕೇಳಿತು. ಏನಾಯಿತು ಎಂದು ಅವಳು ಕೇಳಲಿಲ್ಲ. "ಏನು ಮಾಡಿಟ್ಟಿದ್ದೀಯಣ್ಣ?" ಎಂದಳು.

"ಹೇಳ್ತೀನಿ. ಮೊದಲು ಫೋನ್ ಮಾಡು."

ಸ್ಪ್ಯಾನರುಗಳ ಚೀಲ ಎತ್ತಿಕೊಂಡು ಸ್ಕೂಟರ್ ಹತ್ತಿದ. ದಾರಿ ಇಪ್ಪತ್ತು ನಿಮಿಷದ್ದು. ಮೊದಲನೇ ಸಿಗ್ನಲ್ಲಿನಲ್ಲಿ ಕೆಂಪು ದೀಪ ನೋಡುತ್ತ ನಿಂತ. ಜೇಬಿನಲ್ಲಿದ್ದ ಫೋನು ಮಾತಾಡಲಿಲ್ಲ. ಅಜ್ಜಿ ಹೇಳುತ್ತಿದ್ದ ಯಾವುದಾದರೂ ಪದ್ಯ ನೆನಪಿಸಿಕೊಂಡು ದೇವರ ಕಾಲಿಗೆ ಬೀಳೋಣ ಎಂದರೆ ಬಾಯಿಗೆ ಬಂದದ್ದು ತಾನು ಕಟ್ಟಿದ್ದೇ. ಎಂಜಿನ್ ನಿಲ್ಲಲಿ. ನಿಂತಿರುತ್ತದೆ. ಉಸಿರು ಇಳಿಯಲಿ. ಇಳಿದಿರುತ್ತದೆ. ಮುಳ್ಳು ಮಲಗಲಿ. ಗಡಿಬಿಡಿ ಕೈಕಟ್ಟಿ ನಿಂತು ಅದನ್ನೂ ನೋಡಿರುತ್ತಾನೆ. ನಾಲ್ಕನೆಯದನ್ನು ಬಾಯಿಗೆ ಬರಗೊಡದೆ ಹಲ್ಲು ಕಚ್ಚಿದ. ಹೇಳಿದ ಮಾತು ಕೇಳದವನಾಗಿದ್ದರೆ, ಮುಳ್ಳನ್ನೂ ಉಸಿರನ್ನೂ ನಂಬದೆ ಸಲಾಕೆಯಲ್ಲೇ ತಿವಿಯುವವನಾಗಿದ್ದರೆ ಎಷ್ಟು ಚೆನ್ನಾಗಿತ್ತು. ಇಡೀ ಊರಿನಲ್ಲಿ ತನ್ನ ಮಾತನ್ನು ಅಕ್ಷರ ಬಿಡದೆ ಪಾಲಿಸುವವನು ಅವನೊಬ್ಬನೇ.

ಕಟ್ಟಡ ಕಂಡಾಗ ಅದರ ಮೌನವೇ ಮೊದಲು ಎದೆಗೆ ತಾಗಿತು. ಮಹಡಿಯ ಅಂಚಿನಲ್ಲಿ ಕೆಲಸದವರು ಸಲಿಕೆ ಊರಿಕೊಂಡು ಕೆಳಗೆ ನೋಡುತ್ತ ನಿಂತಿದ್ದರು. ಮೂರು ಲಾರಿ ಸಾಲಾಗಿ, ಹಿಂದಿನ ಪೀಪಾಯಿ ಸಣ್ಣಗೆ ತಿರುಗಿಸುತ್ತ ಕಾಯುತ್ತಿದ್ದವು. ಸೂಪರ್‌ವೈಸರ್ ಗಡಿಯಾರ ನೋಡಿಕೊಳ್ಳುತ್ತಿದ್ದ.

ಗಡಿಬಿಡಿ ಹಾಪರಿನ ಅಂಚಿಗೆ ಹೊಟ್ಟೆ ಒತ್ತಿ ಬಗ್ಗಿದ್ದ. ಬಲಗೈ ಭುಜದವರೆಗೂ ಕಾಂಕ್ರೀಟಿನಲ್ಲಿ ಮುಳುಗಿತ್ತು, ಕೆನ್ನೆ ಕಬ್ಬಿಣಕ್ಕೆ ಅಂಟಿತ್ತು. ಪಕ್ಕದ ಪೆಟ್ಟಿಗೆಯ ಮೇಲೆ ಅವನ ಫೋನು ಬೆಳಗುತ್ತ, ನಡುಗುತ್ತ, ಅಷ್ಟಷ್ಟೇ ಅಂಚಿಗೆ ಜರುಗುತ್ತಿತ್ತು. ಎದುರುಗಡೆ ಒಬ್ಬ ದಪ್ಪ ಆಳು ತೊಟ್ಟಿಯೊಳಗೆ ಹಾರೆ ಊರಿ, ಇನ್ನೊಂದು ಕೈಯಲ್ಲಿ ಸುತ್ತಿಗೆ ಎತ್ತಿ ಹಿಡಿದಿದ್ದ.

"ಸುತ್ತಿಗೆ ಇಳಿಸಪ್ಪ" ಎಂದ ಫಿಟ್ಟರ್, ಒಂದು ಲೋಟ ನೀರು ಕೇಳುವವನ ದನಿಯಲ್ಲಿ. ಕೂಗಿದರೆ ಯಾರಾದರೂ ಬೆಚ್ಚಿಯಾರು ಎಂಬ ಹೆದರಿಕೆ ಆ ದನಿಯನ್ನು ಅಷ್ಟು ಮೆತ್ತಗೆ ಮಾಡಿತ್ತು. ಆಳು ಇಳಿಸಿದ.

"ಬಂದ್ರಾ ಭಾವ" ಎಂದ ಗಡಿಬಿಡಿ, ಕೆನ್ನೆ ಎತ್ತದೆ. "ನಿಮ್ಮ ತಂಗಿ ಫೋನ್ ಬಿಡ್ತಾನೇ ಇಲ್ಲ ನೋಡಿ. ಮದುವೆಯಾದ ಹೊಸದರಲ್ಲೂ ಇಷ್ಟು ಪ್ರೀತಿ ಇರಲಿಲ್ಲ. ಯಾಕೆ ನಿಲ್ಲಿಸಿದ್ರಿ, ಒಂದೇ ಏಟು ಬಿದ್ರೆ ಕಲ್ಲು ಹೋಗುತ್ತೆ."

"ನೀನು ಕೈ ತೆಗಿ ಮೊದಲು."

"ಅದಕ್ಕೇ ಏಟು ಹಾಕಿಸ್ತಾ ಇರೋದು. ಕೈಗವಸು ಸಿಕ್ಕಿಕೊಂಡಿದೆ."

"ಹೆಂಗೆ ಸಿಕ್ತು?"

"ಕಲ್ಲಿನ ಒಂದು ತುದಿ ಮುರಿದೆ. ಪೈಪು ಒಂದು ಬೆರಳು ಜರುಗಿ ಮಣಿಕಟ್ಟಿಗೆ ಬಂತು."

"ಎಂಜಿನ್ ನಿಂತಿದೆ" ಎಂದ ಫಿಟ್ಟರ್. "ಅದನ್ನ ಜರುಗಿಸಿದ್ದು ಯಾರು?"

ಗಡಿಬಿಡಿ ಕಣ್ಣು ಮಾತ್ರ ಬಾಟ್ಲಿಗಳ ಕಡೆಗೆ ಹೊರಳಿಸಿದ.

"ಉಸಿರು ಕೇಳಿದೆ ಭಾವ. ಮುಳ್ಳೂ ನೋಡಿದೆ. ದೇವರಾಣೆ."

"ನೀನು ಸರಿಯಾಗೇ ಮಾಡಿದ್ದೀಯ. ಒಂದು ಬಾಟ್ಲಿ ಖಾಲಿ. ನಾನು ಹಾಕಿದ್ದು ತುಂಬಿದೆ. ಆ ಕಲ್ಲು ಇರೋದ್ರಿಂದ ಪೈಪು ನಿಂತಿದೆ. ಕಲ್ಲನ್ನ ಬೆರಳಲ್ಲೂ ಮುಟ್ಟಬೇಡ. ಅಲ್ಲಾಡಬೇಡ."

ಗಡಿಬಿಡಿಯ ಕಿವಿಯ ಹಿಂದಿನಿಂದ ಬೆವರು ಇಳಿದು ಕಬ್ಬಿಣದ ಮೇಲೆ ಹರಿಯಿತು. ಹಾರೆ ಹಿಡಿದಿದ್ದ ಆಳು ತನ್ನ ಕೈಯಲ್ಲಿದ್ದದ್ದನ್ನೇ ನೋಡಿದ. ಅದರ ತುದಿ ಕಲ್ಲಿಗೆ ತಾಗಿಕೊಂಡಿತ್ತು. ಈಗ ಎತ್ತುವುದಕ್ಕೂ ಭಯ, ಇಟ್ಟುಕೊಳ್ಳುವುದಕ್ಕೂ ಭಯ.

"ಹಾಗೇ ಹಿಡಿದಿರು" ಎಂದ ಫಿಟ್ಟರ್ ಅವನಿಗೆ. "ಒತ್ತಬೇಡ, ಎಳೀಬೇಡ."

ಸೂಪರ್‌ವೈಸರ್ ಹತ್ತಿರ ಬಂದ. "ಇನ್ನೆಷ್ಟು ಹೊತ್ತು? ಲಾರಿಯೊಳಗೆ ಮಾಲು ಗಟ್ಟಿಯಾಗುತ್ತೆ."

"ಸುಮ್ನಿರಿ ಸ್ವಾಮಿ" ಎಂದ ಹಾರೆಯ ಆಳು, ತುಟಿ ಮಾತ್ರ ಅಲ್ಲಾಡಿಸಿ. ಸೂಪರ್‌ವೈಸರ್ ಎರಡು ಹೆಜ್ಜೆ ಹಿಂದಕ್ಕೆ ಸರಿದ.

ಮಾಡುವುದು ಒಂದೇ ಉಳಿದಿತ್ತು: ತಾನೇ ಜಡಿದ ಬಿರಡೆಯನ್ನು ತಾನೇ ಸಡಿಲಿಸುವುದು. ಒತ್ತಡ ಇರುವಾಗ ಯಾವ ಬಿರಡೆಗೂ ಸ್ಪ್ಯಾನರ್ ಹಾಕಬಾರದು ಎಂದು ಅವನು ಎಷ್ಟು ಜನಕ್ಕೆ ಹೇಳಿಲ್ಲ. ಒಮ್ಮೆಲೇ ಬಿಟ್ಟರೆ ಅದು ಗುಂಡಿನ ಹಾಗೆ ಹಾರುತ್ತದೆ, ಹಿಂದಿನಿಂದ ಬರುವ ಎಣ್ಣೆ ಚರ್ಮ ಕೊಯ್ಯುತ್ತದೆ. ಗೋಣಿಚೀಲ ಮಡಚಿ ಬಿರಡೆಯ ಸುತ್ತ ಹೊದಿಸಿದ. ಮುಖವನ್ನು ಬಾಟ್ಲಿಯ ಹಿಂದಕ್ಕೆ ತಂದು, ಕೈ ಮಾತ್ರ ಮುಂದೆ ಚಾಚಿ ಸ್ಪ್ಯಾನರ್ ಕೂರಿಸಿದ. ಮೂರು ವಾರದ ಹಿಂದೆ ತೋಳಿನ ಬಲವನ್ನೆಲ್ಲ ಹಾಕಿ ಬಿಗಿದಿದ್ದ. ಒಂದು ತೊಟ್ಟೂ ಸೋರಬಾರದು ಎಂಬ ಹಟ ಅವತ್ತು.

ಅದು ಕದಲಲಿಲ್ಲ. ಸ್ಪ್ಯಾನರಿನ ಹಿಡಿಗೆ ಅಂಗೈಯಿಂದ ಗುದ್ದಬೇಕಿತ್ತು. ಗುದ್ದಿದರೆ ಇಡೀ ಯಂತ್ರ ಅದುರುತ್ತದೆ. ಭುಜ ಕೊಟ್ಟು ಒತ್ತಿದ. ಕಣ್ಣಿಗೆ ಕತ್ತಲೆ ಬರುವಷ್ಟು ಒತ್ತಿದ ಮೇಲೆ ಕೂದಲೆಳೆಯಷ್ಟು ತಿರುಗಿತು.

"ಪೈಪು ಕೈಗೆ ಒತ್ತುತ್ತಾ ಇದೆಯಾ?"

"ಒತ್ತುತ್ತಾ ಇದೆ."

ಇನ್ನೊಂದು ಕೂದಲೆಳೆ. ಗೋಣಿಯಲ್ಲಿ ರೂಪಾಯಿಯಗಲದ ಒದ್ದೆ ಮೂಡಿತು. ಪೆಟ್ಟಿಗೆಯ ಮೇಲೆ ಫೋನು ನಿಂತು, ಒಂದು ಕ್ಷಣ ಬಿಟ್ಟು ಮತ್ತೆ ಶುರುವಾಯಿತು.

"ಯಾರಾದ್ರೂ ಎತ್ತಿ ಹೇಳ್ರಪ್ಪ" ಎಂದ ಗಡಿಬಿಡಿ. ದನಿ ತೆಳ್ಳಗಾಗಿತ್ತು. "ಊಟಕ್ಕೆ ಬರ್ತೀನಿ ಅಂತ ಹೇಳಿ."

ಯಾರೂ ಎತ್ತಲಿಲ್ಲ. ಇನ್ನೊಂದು ಎಳೆ. ಎಣ್ಣೆ ಈಗ ಗೋಣಿಯನ್ನು ತೋಯಿಸಿ ಮಡ್‌ಗಾರ್ಡಿನ ಮೇಲೆ ಇಳಿಯತೊಡಗಿತು. ಸದ್ದೇ ಇಲ್ಲ. ಅಷ್ಟರಲ್ಲಿ ತೊಟ್ಟಿಯೊಳಗೆ ಕಲ್ಲು ಹಲ್ಲು ಕಡಿದ ಹಾಗೆ ಕರ್ ಎಂದಿತು. ಗಡಿಬಿಡಿಯ ಎರಡೂ ಕಾಲು ನೆಲ ಬಿಟ್ಟು ಮತ್ತೆ ನೆಲಕ್ಕೆ ಬಂದವು. ಅವನ ಗಂಟಲಿಂದ ಬಂದದ್ದು ಮಾತಲ್ಲ.

ಫಿಟ್ಟರಿಗೆ ತಲೆ ಎತ್ತಿ ನೋಡುವ ಧೈರ್ಯವಾಗಲಿಲ್ಲ. "ಬೆರಳು?" ಎಂದು ಬಾಟ್ಲಿಯನ್ನೇ ಕೇಳಿದ.

"ಆಡಿಸ್ತಾ ಇದೀನಿ" ಎಂದ ಗಡಿಬಿಡಿ. "ಐದೂ ಆಡ್ತಾ ಇವೆ. ಮಣಿಕಟ್ಟು ಮಾತ್ರ ಹಿಂಡ್ತಾ ಇದೆ ಭಾವ. ಬೇಗ ಮಾಡಿ."

ಬೇಗ ಮಾಡುವ ಹಾಗಿರಲಿಲ್ಲ. ಅವಸರದ ಮನುಷ್ಯನ ಕೈ ಅಲ್ಲಿ, ನಿಧಾನ ಬಿಟ್ಟು ಬೇರೆ ದಾರಿಯಿಲ್ಲದ ಕೆಲಸ ಇಲ್ಲಿ. ಎಳೆ ಎಳೆಯಾಗಿ ತಿರುಗಿಸಿದ. ಎಣ್ಣೆ ಚಕ್ರದ ಪಕ್ಕದ ಮಣ್ಣಿಗೆ ಇಳಿದು ಹೊಂಡವಾಯಿತು, ಹೊಂಡ ಅವನ ಚಪ್ಪಲಿಯವರೆಗೆ ಬಂತು. ಸ್ಪ್ಯಾನರಿನ ಬಿಗಿ ಮೆಲ್ಲಗೆ ಸಡಿಲಾಗಿ, ಕೊನೆಗೆ ಬಿರಡೆ ಎರಡು ಬೆರಳಿಗೆ ತಿರುಗುವಷ್ಟು ಹಗುರಾಯಿತು.

"ಈಗ?"

"ಬಿಟ್ಟಿತು" ಎಂದ ಗಡಿಬಿಡಿ. ಕೈಗವಸನ್ನು ಒಳಗೇ ಬಿಟ್ಟು ತೋಳನ್ನು ಎಳೆದುಕೊಂಡ. ಭುಜದಿಂದ ಉಗುರಿನವರೆಗೂ ಬೂದಿಬಣ್ಣದ ಆ ಕೈಯನ್ನು ಎಡಗೈಯಲ್ಲಿ ಎತ್ತಿಕೊಂಡು, ಬೇರೆಯವರ ಮಗುವನ್ನು ಹಿಡಿದವನಂತೆ ನೆಲದ ಮೇಲೆ ಕೂತ. ಆಳು ನೀರು ಹೊಯ್ದ. ಮಣಿಕಟ್ಟಿನ ಸುತ್ತ ಬಳೆಯಂತೆ ನೀಲಿ ಗೆರೆ ಎದ್ದಿತ್ತು.

ಫೋನನ್ನು ಫಿಟ್ಟರೇ ಎತ್ತಿದ.

"ನಾನು ಕಣಮ್ಮ. ನನ್ನ ತಪ್ಪು. ಅವನ ಕೈ ಇದೆ."

"ಎರಡೂ?" ಎಂದಳು ತಂಗಿ.

"ಎರಡೂ."

ಅವಳು ಫೋನ್ ಇಟ್ಟಳು.

ಕಲ್ಲು ಮಾತ್ರ ಇನ್ನೂ ಅಲ್ಲೇ ಇತ್ತು. ಹೀಗೇ ಬಿಟ್ಟರೆ ಅರ್ಧ ಗಂಟೆಯಲ್ಲಿ ಪೈಪಿನೊಳಗಿನ ಮಾಲೆಲ್ಲ ಕಲ್ಲಾಗುತ್ತದೆ ಎಂದು ಸೂಪರ್‌ವೈಸರ್ ದೂರದಿಂದಲೇ ಹೇಳಿದ. ಎಲ್ಲರೂ ಹಾರೆಯ ಆಳನ್ನು ನೋಡಿದರು. ಅವನು ಹಾರೆಯನ್ನು ನೆಲಕ್ಕೆ ಮಲಗಿಸಿ ಹಿಂದೆ ಸರಿದ.

"ನಾನು ಕೈ ಹಾಕಲ್ಲ ಭಾವ" ಎಂದ ಗಡಿಬಿಡಿ ಕೂತಲ್ಲಿಂದಲೇ.

"ಹಾಕಬೇಡ."

"ಪದ್ಯ ಹೇಳಿ ಇನ್ನೊಬ್ಬರ ಕೈಲೂ ಹಾಕಿಸಬೇಡಿ."

ಫಿಟ್ಟರ್ ಬಿರಡೆಯನ್ನು ಪೂರ್ತಿ ಬಿಚ್ಚಿ ಜೇಬಿಗೆ ಹಾಕಿಕೊಂಡ. ಆ ತೂತಿಗೆ ಕಿರುಬೆರಳು ತೂರಿಸಿ ನೋಡಿದ. ಒಳಗೆ ಒತ್ತಡವಿಲ್ಲ, ಬಾಟ್ಲಿ ಸತ್ತಿದೆ. ಇದರಷ್ಟು ಖಚಿತವಾಗಿ ಅವನು ಜೀವನದಲ್ಲಿ ಏನನ್ನೂ ತಿಳಿದಿರಲಿಲ್ಲ. ಕೈಗಡಿಯಾರ ಬಿಚ್ಚಿ, ತೋಳು ಮಡಚಿ ಹಾಪರಿನ ಮುಂದೆ ನಿಂತ. ಬೂದು ಮಾಲು ಸುಮ್ಮನೆ ಮಿನುಗುತ್ತಿತ್ತು. ಕೈ ಹೋಗಲಿಲ್ಲ. ಅಂಚಿನವರೆಗೆ ಹೋಗಿ, ಬಿಸಿ ಹಾಲಿನ ಪಾತ್ರೆ ಮುಟ್ಟಿದ ಹಾಗೆ ಹಿಂದಕ್ಕೆ ಬಂತು. ಮೂರು ವಾರದ ಹಿಂದೆಯೂ ಅವನಿಗೆ ಹೀಗೇ ಎಲ್ಲವೂ ಖಚಿತವಾಗಿತ್ತು.

ಮೇಲಿನ ಮಹಡಿಯ ಅಂಚಿನಲ್ಲಿ ಯಾರೂ ಮಿಸುಕಲಿಲ್ಲ. ಲಾರಿಯವರು ಕೆಳಗಿಳಿದು ನಿಂತಿದ್ದರು.

ಕಣ್ಣು ಮುಚ್ಚಿ ಕೈ ಮುಳುಗಿಸಿದ. ಮೊಣಕೈ ಮುಳುಗಿತು, ಭುಜ ಮುಳುಗಿತು. ತಣ್ಣಗಿನ ಮಾಲು ಕಂಕುಳಿಗೆ ತಾಗಿತು. ಮೊದಲು ಸಿಕ್ಕಿದ್ದು ಪೈಪಿನ ಅಂಚಿನ ಕೆಳಗೆ ಚಪ್ಪಟೆಯಾದ ಕೈಗವಸಿನ ಖಾಲಿ ಬೆರಳುಗಳು. ಅವುಗಳನ್ನು ದಾಟಿ ಕಲ್ಲಿನ ಚೂಪು ಸಿಕ್ಕಿತು. ಹಿಡಿದು ಅಲ್ಲಾಡಿಸಿದ. ಬಾಯಲ್ಲಿ ಯಾವ ಪದ್ಯವೂ ಇರಲಿಲ್ಲ. ಎಳೆದ. ಕಲ್ಲು ಕಿತ್ತು ಅಂಗೈಗೆ ಬಂತು. ಪೈಪು ಮಿಸುಕಲಿಲ್ಲ.

ಆದರೂ ಅವನು ಕೈ ಹೊರಗೆ ತೆಗೆಯಲಿಲ್ಲ. ಕಲ್ಲನ್ನು ಮುಷ್ಟಿಯಲ್ಲಿ ಹಿಡಿದು, ಮುಂಗೈಯನ್ನು ಪೈಪಿನ ದಾರಿಗೆ ಅಡ್ಡ ಇಟ್ಟುಕೊಂಡು ಹಾಗೇ ಬಗ್ಗಿ ನಿಂತಿದ್ದ. ಗಡಿಬಿಡಿ ಎದ್ದು ಬಂದ. ಎಡಗೈಯನ್ನು ಅವನ ಬೆನ್ನ ಮೇಲೆ ಇಟ್ಟ.

"ತೆಗೀರಿ ಭಾವ" ಎಂದ. "ನೋಡಿದೆ. ಸಾಕು ತೆಗೀರಿ."